ಲಂಡನ್‌ಗೆ ಬೆಳಿಗ್ಗೆ ಹೋಗಿ ರಾತ್ರಿ ಬರೋದು ಹೇಗೆ: ನಮ್ಮ ಕಡೆಯ ವಿದ್ಯಾರ್ಥಿಗಳಿಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಓದಲು ಹೊರಟು ಲೆಸ್ಟರ್, ಕವೆಂಟ್ರಿಯಂಥ ಊರಲ್ಲಿ ಸೀಟು ಸಿಕ್ಕವರಿಗೆ ಲಂಡನ್ ದೂರವಲ್ಲ. ಕವೆಂಟ್ರಿಯಿಂದ ಯೂಸ್ಟನ್ ನಿಲ್ದಾಣಕ್ಕೆ ವೇಗದ ರೈಲಿನಲ್ಲಿ ಸುಮಾರು ಒಂದು ತಾಸು, ಲೆಸ್ಟರ್‌ನಿಂದ ಸೇಂಟ್ ಪ್ಯಾಂಕ್ರಸ್‌ಗೆ ಇನ್ನೊಂದಿಷ್ಟು ನಿಮಿಷ ಹೆಚ್ಚು. ಕೆಡುವುದು ದೂರದಿಂದಲ್ಲ, ಪಟ್ಟಿಯಿಂದ. ಟವರ್ ಬ್ರಿಜ್, ಲಂಡನ್ ಐ, ಅರಮನೆ, ಆಕ್ಸ್‌ಫರ್ಡ್ ಸ್ಟ್ರೀಟ್ ಎಲ್ಲವನ್ನೂ ಒಂದೇ ದಿನಕ್ಕೆ ಹಾಕಿಕೊಂಡವರು ಅರ್ಧ ದಿನ ನೆಲದಡಿಯ ರೈಲಲ್ಲೇ ಕಳೆಯುತ್ತಾರೆ. ಒಂದು ವಸ್ತುಸಂಗ್ರಹಾಲಯ, ಥೇಮ್ಸ್ ದಂಡೆಯ ಒಂದು ನಡಿಗೆ ಸಾಕು.

ಮೊದಲು ಟಿಕೆಟ್. 16–25 ರೇಲ್‌ಕಾರ್ಡ್‌ಗೆ 2025ರಲ್ಲಿ ವರ್ಷಕ್ಕೆ 35 ಪೌಂಡ್; ಟಿಕೆಟ್ ದರದಲ್ಲಿ ಮೂರನೇ ಒಂದು ಭಾಗ ಇಳಿಯುತ್ತದೆ. ವಯಸ್ಸು 26 ದಾಟಿದ್ದರೂ ಪೂರ್ಣಾವಧಿ ವಿದ್ಯಾರ್ಥಿಗೆ ಇದು ಸಿಗುತ್ತದೆ, ಇದು ಗೊತ್ತಿಲ್ಲದೆ ಪೂರ್ತಿ ದುಡ್ಡು ಕೊಡಬೇಡಿ. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 10ರೊಳಗೆ ಹೊರಟರೆ ಕನಿಷ್ಠ ದರದ ನಿಯಮ ಅಡ್ಡ ಬರುತ್ತದೆ, ಅಂದರೆ ರಿಯಾಯಿತಿ ಕಳೆದರೂ ಟಿಕೆಟ್ ಒಂದು ಮೊತ್ತಕ್ಕಿಂತ ಕೆಳಗಿಳಿಯದು (ಜುಲೈ, ಆಗಸ್ಟ್‌ನಲ್ಲಿ ಈ ನಿಯಮ ಇಲ್ಲ). ಹಾಗಾಗಿ ಶನಿವಾರವೇ ಒಳ್ಳೆಯದು. ಭಾನುವಾರ ಹಳಿ ದುರಸ್ತಿ ನಡೆದು ರೈಲಿನ ಬದಲು ಬಸ್ಸಿಗೆ ಹತ್ತಿಸುವುದುಂಟು. ಹಿಂದಿನ ರಾತ್ರಿ ನ್ಯಾಷನಲ್ ರೇಲ್ ಜಾಲತಾಣ ನೋಡಿಕೊಳ್ಳಿ. ‘ಅಡ್ವಾನ್ಸ್’ ಟಿಕೆಟ್ ಅಗ್ಗ, ಆದರೆ ಅದು ಆ ಒಂದು ರೈಲಿಗಷ್ಟೇ. ತಪ್ಪಿಸಿಕೊಂಡರೆ ಹೊಸ ಟಿಕೆಟ್. ಹೋಗುವಾಗ ಅಡ್ವಾನ್ಸ್, ಬರುವಾಗ ‘ಆಫ್-ಪೀಕ್’ (ದಟ್ಟಣೆಯಿಲ್ಲದ ಹೊತ್ತಿನ ಯಾವ ರೈಲಿಗೂ ನಡೆಯುವ ಟಿಕೆಟ್) ತಗೊಂಡರೆ ಸಂಜೆ ಗಡಿಯಾರ ನೋಡುತ್ತ ಓಡಬೇಕಿಲ್ಲ. ಬೆಲೆ ಮಾತ್ರ ಹೋಲಿಸಿ ನೋಡಿ.

ಊರೊಳಗೆ ಓಡಾಡಲು ಅಲ್ಲಿಯ ಬ್ಯಾಂಕಿನ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ಸಾಕು. ಟ್ಯೂಬ್ ಎಂಬ ನೆಲದಡಿಯ ರೈಲಿನಲ್ಲಿ ಒಳಹೋಗುವಾಗ, ಹೊರಬರುವಾಗ ಎರಡೂ ಸಲ ಮುಟ್ಟಿಸಬೇಕು. ಬಸ್ಸಿನಲ್ಲಿ ಹತ್ತುವಾಗ ಮಾತ್ರ. 2025ರ ದರದಂತೆ ಬಸ್ಸಿಗೆ 1.75 ಪೌಂಡ್, ಬರೀ ಬಸ್ಸಾದರೆ ದಿನಕ್ಕೆ 5.25ರ ಮೇಲೆ ಹಣ ಹೋಗದು. ಊರ ನಡುವಿನ ಮೊದಲ ಎರಡು ದರ ವಲಯಗಳಲ್ಲಿ ಟ್ಯೂಬ್ ಸೇರಿದರೂ ಮಿತಿ 8.90. ಎಲ್ಲರೂ ಎಡವುವುದು ಇಲ್ಲಿ: ಒಮ್ಮೆ ಕಾರ್ಡ್, ಒಮ್ಮೆ ಫೋನ್ ಮುಟ್ಟಿಸಿದರೆ ಖಾತೆ ಒಂದೇ ಇದ್ದರೂ ಯಂತ್ರಕ್ಕೆ ಅವು ಎರಡು ಬೇರೆ ಕಾರ್ಡ್, ಮಿತಿ ಎರಡು ಕಡೆ ಹಂಚಿಹೋಗುತ್ತದೆ. ಬೆಳಿಗ್ಗೆ ಯಾವುದನ್ನು ಮುಟ್ಟಿಸಿದಿರೋ ರಾತ್ರಿಯವರೆಗೂ ಅದನ್ನೇ ಮುಟ್ಟಿಸಿ.

ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ಮೀರಿಸುವಂಥದ್ದಿಲ್ಲ. ಕೆಡುವುದಿಲ್ಲ, ಬಿಸಿ ಮಾಡಬೇಕಿಲ್ಲ. ಗಟ್ಟಿ ಡಬ್ಬಿಯಲ್ಲಿ ಇಡದಿದ್ದರೆ ಮಧ್ಯಾಹ್ನ ಸಿಗುವುದು ರೊಟ್ಟಿಯಲ್ಲ, ನುಚ್ಚು. ಬಿಸಿ ಊಟವೇ ಬೇಕೆಂದರೆ ಯೂಸ್ಟನ್ ಪಕ್ಕದ ಡ್ರಮಂಡ್ ಸ್ಟ್ರೀಟ್‌ನಲ್ಲಿ ಭಾರತೀಯ ಸಸ್ಯಾಹಾರಿ ಹೋಟೆಲುಗಳಿವೆ. ನಲ್ಲಿ ನೀರು ಕುಡಿಯಬಹುದು, ಖಾಲಿ ಬಾಟಲಿ ಒಯ್ಯಿರಿ. ದೊಡ್ಡ ಬ್ಯಾಗ್ ಬೇಡ: ಸೂಟ್‌ಕೇಸನ್ನು ಬ್ರಿಟಿಷ್ ಮ್ಯೂಸಿಯಂ ಒಳಗೆ ಬಿಡುವುದಿಲ್ಲ.

ಯೂಸ್ಟನ್‌ನಿಂದ ಆ ಮ್ಯೂಸಿಯಂಗೆ ನಡೆದರೆ ಇಪ್ಪತ್ತು ನಿಮಿಷ. ಪ್ರವೇಶ ಉಚಿತ, 10ಕ್ಕೆ ತೆರೆಯುತ್ತದೆ. ಸಮಯ ಮುಂಚಿತವಾಗಿ ಕಾಯ್ದಿರಿಸಿದರೆ ಸಾಲು ಸಣ್ಣದಾಗುತ್ತದೆ. ಜನ ಮುಗಿಬೀಳುವ, ಈಜಿಪ್ಟಿನ ಹಳೆಯ ಲಿಪಿ ಓದಲು ನೆರವಾದ ರೊಸೆಟ್ಟಾ ಶಿಲೆ 4ನೇ ಕೋಣೆಯಲ್ಲಿದೆ. ಅದನ್ನು ಬಾಗಿಲು ತೆರೆದ ಕೂಡಲೇ ನೋಡಿ ಮುಗಿಸಿ. ಆಮೇಲೆ 33ಎ ಕೋಣೆಗೆ ಹೋಗಿ, ನಿಧಾನ ಮಾಡಬೇಕಾದದ್ದು ಇಲ್ಲಿ. ಅಮರಾವತಿ ಸ್ತೂಪದ ಸುಣ್ಣಕಲ್ಲಿನ ಫಲಕಗಳು ಅಲ್ಲಿವೆ. ಚಿತ್ತಾಪುರ ಕಡೆಯ ಸನ್ನತಿ–ಕನಗನಹಳ್ಳಿಯ ಸ್ತೂಪ ನೋಡಿದವರಿಗೆ ಆ ಕೆತ್ತನೆ ಪರಕೀಯ ಅನ್ನಿಸುವುದಿಲ್ಲ. ನೋಡದವರು ರಜೆಗೆ ಊರಿಗೆ ಬಂದಾಗ ಭೀಮಾ ದಂಡೆಗೆ ಹೋಗಿ ಹೋಲಿಸಿ. ಎರಡು ತಾಸಿಗಿಂತ ಹೆಚ್ಚು ಇರಬೇಡಿ, ಕಾಲು ಉಳಿಸಿಕೊಳ್ಳಬೇಕು.

ಬಿದರಿ ಕೆಲಸ ನೋಡುವ ಆಸೆಯಿದ್ದರೆ ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ಸಂಗ್ರಹದಲ್ಲಿ ಹಳೆಯ ಹುಕ್ಕಾ ಬುಡಗಳಿವೆ. ಎಲ್ಲವನ್ನೂ ಪ್ರದರ್ಶನಕ್ಕಿಟ್ಟಿರುವುದಿಲ್ಲ, ಅವರ ಜಾಲತಾಣದಲ್ಲಿ ‘ಬಿದ್ರಿ’ ಎಂದು ಇಂಗ್ಲಿಷಿನಲ್ಲಿ ಹುಡುಕಿ, ಯಾವ ಕೋಣೆ ಎಂದು ನೋಡಿಕೊಂಡೇ ಹೊರಡಿ. ಅದನ್ನು ಇನ್ನೊಂದು ದಿನಕ್ಕಿಟ್ಟುಕೊಳ್ಳುವುದೇ ಲೇಸು.

ಮಧ್ಯಾಹ್ನ ಟ್ರಫಾಲ್ಗರ್ ಚೌಕಕ್ಕೆ ನಡೆದು, ವೈಟ್‌ಹಾಲ್ ಹಿಡಿದು ಇಳಿದರೆ ಸಂಸತ್ ಭವನ. ಎದುರಿನ ಚೌಕದಲ್ಲಿ 2015ರಲ್ಲಿ ನಿಲ್ಲಿಸಿದ ಗಾಂಧಿ ಪ್ರತಿಮೆ ಇದೆ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟುವಾಗ ಮೂರು ಲೋಟದಡಿ ಚೆಂಡು ಹುಡುಕುವ ಆಟ ಕಂಡರೆ ನಿಲ್ಲಬೇಡಿ. ಗೆಲ್ಲುತ್ತಿರುವಂತೆ ಕಾಣುವವರೂ ಅವರ ಕಡೆಯವರೇ. ರಸ್ತೆ ಅಂಚಿನಲ್ಲಿ ಫೋನ್ ಹಿಡಿದು ಮ್ಯಾಪ್ ನೋಡುವುದೂ ಬೇಡ, ಸೈಕಲ್ ಮೇಲೆ ಬಂದು ಕಸಿದುಕೊಂಡು ಹೋಗುತ್ತಾರೆ. ಗೋಡೆ ಕಡೆ ಸರಿದು ನೋಡಿ.

ಸೇತುವೆ ದಾಟಿ ಬಲಕ್ಕೆ ತಿರುಗಿ ದಂಡೆಯಗುಂಟ ನಡೆಯಿರಿ. ಕೋವಿಡ್‌ನಲ್ಲಿ ತೀರಿಕೊಂಡವರ ನೆನಪಿಗೆ ಕೆಂಪು ಹೃದಯಗಳನ್ನು ಬರೆದ ಉದ್ದನೆಯ ಗೋಡೆ ಸಿಗುತ್ತದೆ. ಬಸವಣ್ಣನ ಪ್ರತಿಮೆ ಹುಡುಕುವ ಹಲವರು ಇಲ್ಲೇ ಸುತ್ತಿ ವಾಪಸಾಗುತ್ತಾರೆ. ಇಲ್ಲಲ್ಲ, ಲ್ಯಾಂಬೆತ್ ಸೇತುವೆಯನ್ನೂ ದಾಟಿ ಮುಂದೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಗಾರ್ಡನ್ಸ್‌ನಲ್ಲಿ. ಲ್ಯಾಂಬೆತ್‌ನ ಮಾಜಿ ಮೇಯರ್, ಕಲಬುರಗಿ ಮೂಲದ ನೀರಜ್ ಪಾಟೀಲರ ಪ್ರಯತ್ನದಿಂದ ಬಂದ ಪ್ರತಿಮೆ ಇದು. ಪ್ರಧಾನಿ ಮೋದಿ 2015ರ ನವೆಂಬರ್ 14ರಂದು ಅನಾವರಣಗೊಳಿಸಿದರು. ಬಸವಕಲ್ಯಾಣದವರಿಗೆ ಫೋಟೊ ಕಳಿಸದೆ ಬಂದರೆ ಮನೆಯಲ್ಲಿ ಬಿಡುತ್ತಾರೆಯೆ? ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಸೂರ್ಯ ಮುಳುಗುತ್ತಾನೆ, ಮೂರರೊಳಗೆ ಇಲ್ಲಿರಬೇಕು. ಜೂನ್‌ನಲ್ಲಾದರೆ ಒಂಬತ್ತರವರೆಗೂ ಬೆಳಕು.

ವಾಪಸಿಗೆ ಅಲ್ಲಿಂದ ವಾಕ್ಸ್‌ಹಾಲ್ ನಿಲ್ದಾಣಕ್ಕೆ ನಡೆಯಿರಿ. ವಿಕ್ಟೋರಿಯಾ ಲೈನ್ ಯೂಸ್ಟನ್‌ಗೂ ಕಿಂಗ್ಸ್ ಕ್ರಾಸ್ ಸೇಂಟ್ ಪ್ಯಾಂಕ್ರಸ್‌ಗೂ ನೇರ, ಬದಲಿಸುವ ಗೊಡವೆಯಿಲ್ಲ. ಎಸ್ಕಲೇಟರ್ ಮೇಲೆ ಬಲಕ್ಕೆ ನಿಲ್ಲಿ. ರೈಲಿಗೆ ಅರ್ಧ ತಾಸು ಮೊದಲೇ ತಲುಪಿ: ಯೂಸ್ಟನ್‌ನಲ್ಲಿ ಪ್ಲಾಟ್‌ಫಾರ್ಮ್ ಸಂಖ್ಯೆ ಕೆಲವೊಮ್ಮೆ ತಡವಾಗಿ ಬೋರ್ಡಿನ ಮೇಲೆ ಬರುತ್ತದೆ, ಆಗ ಜನ ಓಡುತ್ತಾರೆ.