ಅಂಕಿ ಬರೆದರೆ ಸಾಲದು, ‘ಯಾಕೆ’ ಎಂದು ಕೇಳಿಸಿ

ಪಲ್ಸ್ 112 ಎಂದು ನರ್ಸಿಂಗ್ ವಿದ್ಯಾರ್ಥಿನಿ ರೋಗಿಯ ಚಾರ್ಟಿನಲ್ಲಿ ಬರೆಯುತ್ತಾಳೆ. ಎಣಿಕೆ ಸರಿಯಾಗಿದೆ, ಅಕ್ಷರ ಮುದ್ದಾಗಿದೆ. ‘ಯಾಕೆ ಇಷ್ಟಾಯ್ತು?’ ಎಂದರೆ ಮಾತ್ರ ಮುಖ ನೋಡುತ್ತಾಳೆ. ಅಳೆಯುವುದನ್ನು ಕಲಿಸಿದ್ದೇವೆ, ಅಳೆದದ್ದನ್ನು ಓದಲು ಕಲಿಸಿಲ್ಲ, ಅಲ್ವಾ?

ಮೊದಲು ಉಸಿರಿನಿಂದ ಶುರು ಮಾಡಿ. ಪೂರ್ತಿ ಒಂದು ನಿಮಿಷ ಎಣಿಸಲಿ. ಎಷ್ಟೋ ಚಾರ್ಟುಗಳಲ್ಲಿ ಎಲ್ಲ ರೋಗಿಗಳಿಗೂ 18 ಅಥವಾ 20 ಎಂದೇ ಇರುತ್ತದೆ. ಇಡೀ ವಾರ್ಡು ಒಂದೇ ತಾಳಕ್ಕೆ ಉಸಿರಾಡುತ್ತಿದೆಯೇನೋ! ರೋಗಿಯ ಸ್ಥಿತಿ ಕೆಡುತ್ತಿರುವ ಸುಳಿವು ಎಷ್ಟೋ ಸಲ ಮೊದಲು ಸಿಗುವುದೇ ಉಸಿರಿನಲ್ಲಿ.

ಆಮೇಲೆ ಒಂದು ಕೇಸ್ ಕೊಡಿ. ಒಂದೇ ಸಲಕ್ಕೆ ಅಲ್ಲ, ತುಂಡು ತುಂಡಾಗಿ. ಹೊಟ್ಟೆಯ ಆಪರೇಷನ್ ಆದ 60 ಕೆ.ಜಿ. ತೂಕದ ರೋಗಿ ಎಂದುಕೊಳ್ಳಿ. ಪಲ್ಸ್ 84, ಬಿಪಿ 124/78, ಉಸಿರು 16. ಗಂಟೆ ಬಿಟ್ಟು ಪಲ್ಸ್ 98, ಬಿಪಿ 118/82, ಉಸಿರು 20. ಇನ್ನೊಂದು ಗಂಟೆಗೆ ಪಲ್ಸ್ 112, ಬಿಪಿ 112/86, ಉಸಿರು 24. ರೋಗಿ ಚಡಪಡಿಸುತ್ತಿದ್ದಾರೆ. ಆ ಗಂಟೆಯಲ್ಲಿ ಬಂದ ಮೂತ್ರ 20 ಎಂ.ಎಲ್.

ಪ್ರತಿ ತುಂಡಿಗೂ ನಿಲ್ಲಿಸಿ, ಕನಿಷ್ಠ ಎರಡು ಕಾರಣ ಹೇಳಿಸಿ. ಹೆಚ್ಚಿನವರು ‘ನೋವು’ ಎನ್ನುತ್ತಾರೆ. ಬೇಡ ಅನ್ನಬೇಡಿ. ‘ನೋವಾದರೆ ಬಿಪಿ ಎತ್ತ ಹೋಗಬೇಕು?’ ಎಂದು ಕೇಳಿ. ಸಾಮಾನ್ಯವಾಗಿ ಏರಬೇಕು. ಇಲ್ಲಿ ಮೇಲಿನ ಅಂಕಿ ಇಳಿಯುತ್ತಿದೆ, ಕೆಳಗಿನದು ಏರುತ್ತಿದೆ. ಎರಡರ ನಡುವಿನ ಅಂತರ 46, 36, 26. ಮೂತ್ರ ಗಂಟೆಗೆ ಕೆ.ಜಿ.ಗೆ ಅರ್ಧ ಎಂ.ಎಲ್. ಲೆಕ್ಕದಲ್ಲಿ 30 ಆದರೂ ಬರಬೇಕಿತ್ತು. ಒಳಗೆಲ್ಲೋ ರಕ್ತ ಸೋರುತ್ತಿರಬಹುದು ಎಂಬ ಅನುಮಾನ ಆಗ ಅವಳಿಗೇ ಹುಟ್ಟುತ್ತದೆ. ‘ಬಿಪಿ ನಾರ್ಮಲ್ ಇದೆಯಲ್ಲ ಮೇಡಂ’ ಎಂದು ಯಾರೋ ಕೇಳೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ದೇಹ ರಕ್ತನಾಳಗಳನ್ನು ಬಿಗಿದು ಬಿಪಿಯನ್ನು ಹಿಡಿದಿಟ್ಟಿರುತ್ತದೆ. ಗಟ್ಟಿಮುಟ್ಟಾದ ವಯಸ್ಕರಲ್ಲಿ ಶೇ 30ರ ಹತ್ತಿರ ರಕ್ತ ಹೋಗುವವರೆಗೂ ಅದು ಕುಸಿಯದೇ ಇರಬಹುದು.

ಇನ್ನು, ತನ್ನ ಊಹೆಯನ್ನು ಹೇಳುವ ಧೈರ್ಯದ ವಿಷಯ. ಸುಮ್ನೆ ‘ಭೇಷ್’ ಎಂದರೆ ಅದು ಬರುವುದಿಲ್ಲ. ನೀವು ಉತ್ತರ ಹೇಳುವ ಮೊದಲೇ ಅವಳ ಊಹೆ, ಎಷ್ಟು ಖಾತ್ರಿ ಎಂಬುದಕ್ಕೆ ನೂರರಲ್ಲಿ ಒಂದು ಅಂಕಿ, ಎರಡನ್ನೂ ಬರೆಸಿ. ಕೆಲವು ವಾರಗಳಲ್ಲಿ ಚಿತ್ರ ಸಿಗುತ್ತದೆ. ಸರಿಯಾಗಿ ಹೇಳಿಯೂ 30 ಎಂದು ಬರೆಯುವವಳಿಗೆ ಅವಳ ಹಾಳೆಯನ್ನೇ ತೋರಿಸಿದರೆ ಸಾಕು. ತಪ್ಪು ಹೇಳಿ 95 ಬರೆಯುವವರ ಬಗ್ಗೆ ನನಗೆ ಜಾಸ್ತಿ ಚಿಂತೆ. ಅವರ ಜೊತೆ ಕೂತು, ಯಾವ ಸುಳಿವನ್ನು ದಾಟಿ ಹೋದರು ಎಂದು ಹುಡುಕಬೇಕು. ನೀವೂ ನಿಮ್ಮ ಊಹೆ ಬರೆಯಿರಿ. ಟೀಚರ್ ಊಹೆ ಒಮ್ಮೆ ತಪ್ಪಾದರೆ ಕ್ಲಾಸಿನ ಅರ್ಧ ಭಯ ಇಳಿದುಹೋಗುತ್ತದೆ.

ಕೊನೆಗೆ ಫೋನ್. ಡಾಕ್ಟರಿಗೆ ಹೇಳುವುದನ್ನು ಎಸ್‌ಬಿಎಆರ್ ಕ್ರಮದಲ್ಲಿ ಅಭ್ಯಾಸ ಮಾಡಿಸಿ: ಈಗ ಏನಾಗಿದೆ, ಹಿನ್ನೆಲೆ ಏನು, ನನ್ನ ಅಂದಾಜೇನು, ನಿಮ್ಮಿಂದ ಏನು ಬೇಕು. ಮೊದಲೆರಡು ಸಲೀಸು. ಮೂರನೆಯದಕ್ಕೆ ದನಿ ತಗ್ಗುತ್ತದೆ. ‘ಸರ್, ರೋಗಿ ಯಾಕೋ ಸರಿಯಿಲ್ಲ’ ಎಂದು ನಿಲ್ಲಿಸಿದರೆ ಮತ್ತೆ ಹೇಳಿಸಿ. ‘ಎರಡು ಗಂಟೆಯಲ್ಲಿ ಪಲ್ಸ್ 84ರಿಂದ 112ಕ್ಕೆ ಏರಿದೆ, ಮೂತ್ರ ಕಡಿಮೆಯಾಗಿದೆ, ಒಳಗೆ ರಕ್ತಸ್ರಾವ ಇರಬಹುದು ಅನಿಸುತ್ತಿದೆ, ಈಗಲೇ ಬಂದು ನೋಡಿ’ ಎನ್ನುವವರೆಗೂ ಫೋನ್ ಇಡಲು ಬಿಡಬೇಡಿ.