49ರ ಆಸೆಗೆ ಬಿಟ್ಟ ಊಟ

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು 49 ಕೆ.ಜಿ. ವಿಭಾಗದ ಬಾಕ್ಸರ್. ಮನೆಯಲ್ಲಿ ಹೊಟ್ಟೆ ತುಂಬ ಉಂಡುಕೊಂಡಿದ್ದರೆ ನನ್ನ ತೂಕ 54. ಟೂರ್ನಿ ಹತ್ತಿರ ಬಂತೆಂದರೆ ರಾತ್ರಿಯ ಮುದ್ದೆ ನಿಲ್ಲುತ್ತಿತ್ತು, ಆಮೇಲೆ ಉಪ್ಪು, ಕೊನೆಯ ದಿನ ನೀರು. ಎರಡು ಸ್ವೆಟರ್ ಹಾಕಿಕೊಂಡು ಹಗ್ಗ ಜಿಗಿಯುತ್ತಿದ್ದೆ. ಅಮ್ಮ, "ಇದು ಆಟವೋ ವ್ರತವೋ?" ಎಂದು ಕೇಳುತ್ತಿದ್ದರು.

ಮೇಲಿನ ವಿಭಾಗಕ್ಕೆ ಏಕೆ ಹೋಗುವುದಿಲ್ಲ ಎಂದು ಕೋಚ್ ಕೇಳಿದಾಗಲೆಲ್ಲ, "ಇಲ್ಲಿ ಎದುರಾಳಿಗಳಿಗಿಂತ ನನ್ನ ಕೈ ಉದ್ದ ಸರ್" ಎನ್ನುತ್ತಿದ್ದೆ. ಅದು ಅರ್ಧ ಸತ್ಯ. ಮೇಲಿನ 52 ಕೆ.ಜಿ. ವಿಭಾಗದಲ್ಲಿ ನಮ್ಮ ಕ್ಲಬ್ಬಿನದೇ ಒಬ್ಬ ಎಡಗೈ ಹುಡುಗನಿದ್ದ. ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸದ ಸೆಣಸಾಟದಲ್ಲಿ, ನನ್ನನ್ನು ಎರಡು ಸಲ ನೆಲಕ್ಕೆ ಕೂರಿಸಿದ್ದ. ಅವನ ಭಯಕ್ಕೆ ನಾನು ಇಟ್ಟುಕೊಂಡಿದ್ದ ಹೆಸರು ತಂತ್ರ.

ವೃತ್ತಿಪರರಿಗೆ ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ ತೂಕ ನೋಡುತ್ತಾರೆ. ಉಂಡು, ಕುಡಿದು ಚೇತರಿಸಿಕೊಳ್ಳಲು ಒಂದು ರಾತ್ರಿ ಸಿಗುತ್ತದೆ. ನಮ್ಮಂಥ ಹವ್ಯಾಸಿಗಳಿಗೆ ಪಂದ್ಯ ಇರುವ ದಿನ ಬೆಳಿಗ್ಗೆಯೇ ತೂಕ. ಗೆದ್ದರೆ ಮುಂದಿನ ಪಂದ್ಯದ ದಿನ ಮತ್ತೆ ಅದೇ ಯಂತ್ರ ಹತ್ತಬೇಕು. ಹಾಗಾಗಿ ಗೆದ್ದವನಿಗೂ ಉಪವಾಸವೇ! ಒಂದು ಸೆಮಿಫೈನಲ್‌ನ ಮೂರನೆಯ ಸುತ್ತಿನಲ್ಲಿ ಎದುರಾಳಿಯ ಹೊಡೆತ ಬರುವುದು ಸ್ಪಷ್ಟವಾಗಿ ಕಾಣುತ್ತಿತ್ತು, ಕಾಲು ಮಾತ್ರ ಕದಲಲಿಲ್ಲ.

ಕೊನೆಗೆ ನನ್ನನ್ನು ಮೇಲಿನ ವಿಭಾಗಕ್ಕೆ ಎತ್ತಿದ್ದು ನನ್ನ ಧೈರ್ಯವಲ್ಲ. ಟೋಕಿಯೊ ಒಲಿಂಪಿಕ್ಸ್‌ಗೆ ಪುರುಷರ 49 ಕೆ.ಜಿ. ವಿಭಾಗವನ್ನೇ ಕೈಬಿಟ್ಟರು. 2018ರ ಏಷ್ಯನ್ ಗೇಮ್ಸ್‌ನಲ್ಲಿ 49ರಲ್ಲಿ ಚಿನ್ನ ಗೆದ್ದಿದ್ದ ಅಮಿತ್ ಪಂಘಲ್ ಕೂಡ 52ಕ್ಕೆ ಏರಿದರು, 2019ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ತಂದರು. ಮೇರಿ ಕೋಮ್ ಅವರದೂ ಇದೇ ಕಥೆ: 2012ರ ಲಂಡನ್‌ನಲ್ಲಿ ಮಹಿಳೆಯರಿಗೆ ಇದ್ದದ್ದು 51, 60, 75 ಮಾತ್ರ. 48ರಿಂದ 51ಕ್ಕೆ ಹೋಗಿ ಕಂಚು ಗೆದ್ದರು. 2018ರಲ್ಲಿ ದೆಹಲಿಯಲ್ಲಿ ಮತ್ತೆ 48ಕ್ಕೆ ಇಳಿದು ವಿಶ್ವ ಚಾಂಪಿಯನ್ ಆದರು. ಮೂವತ್ತು ದಾಟಿದ ಮೇಲೆ ಹಾಗೆ ತೂಕ ಇಳಿಸುವುದು ಏನೆಂದು ಇಳಿಸಿದವರಿಗೇ ಗೊತ್ತು.

ನಾನು 52ಕ್ಕೆ ಬರುವಷ್ಟರಲ್ಲಿ ಆ ಎಡಗೈ ಹುಡುಗ ಕೆಲಸ ಸಿಕ್ಕಿ ಬಾಕ್ಸಿಂಗ್ ಬಿಟ್ಟಿದ್ದ. ಎರಡು ವರ್ಷ ಯಾರಿಗಾಗಿ ಹಸಿದಿದ್ದೆನೋ ಅವನೇ ಇರಲಿಲ್ಲ.

ಹೊಸ ವಿಭಾಗದಲ್ಲಿ ಅನ್ನ ಸಿಕ್ಕಿತು, ಸುಖ ಸಿಗಲಿಲ್ಲ. 49ರಲ್ಲಿ ಎದುರಾಳಿಯನ್ನು ಹಿಂದಕ್ಕೆ ತಳ್ಳುತ್ತಿದ್ದ ನನ್ನ ಬಲಗೈ ಇಲ್ಲಿ ಬರೀ ಸದ್ದು ಮಾಡುತ್ತಿತ್ತು. ಇವರ ಕೈ ನನಗಿಂತ ಉದ್ದ. ನನ್ನ ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಹೊಡೆತ, ತಲುಪುವ ಮೊದಲೇ ಅವರದು ಮುಖಕ್ಕೆ ಬರುತ್ತಿತ್ತು. ದೂರ ನಿಂತು ಆಡುವ ಚಾಳಿ ಬಿಟ್ಟು, ತಲೆ ತಗ್ಗಿಸಿ ಒಳನುಗ್ಗಿ ಪಕ್ಕೆಗೆ ಹೊಡೆಯುವುದನ್ನು ಮೊದಲಿನಿಂದ ಕಲಿತೆ. ಅದಕ್ಕೆ ಎಂಟು ತಿಂಗಳು ಹಿಡಿಯಿತು, ಸಾಲಾಗಿ ನಾಲ್ಕು ಸೋಲುಗಳೂ ಬಂದವು.

ಈಗ ನನ್ನ ಬಳಿ ಕಲಿಯುವ ಹುಡುಗರು ತೂಕ ಇಳಿಸುತ್ತೇನೆ ಎಂದು ಬಂದರೆ, ಮೇಲಿನ ವಿಭಾಗದಲ್ಲಿ ಯಾರಿದ್ದಾರೆ ಎಂದು ಮೊದಲು ಕೇಳುತ್ತೇನೆ. ಹೆಚ್ಚಿನವರು ಉತ್ತರ ಹೇಳದೆ ನಗುತ್ತಾರೆ.