ಸಂಡೇ ಸ್ಕೂಲ್ ಮಕ್ಕಳಿಗೆ ‘ಕೇಳ್ತಾನೇ ಇರಿ’ ಅಂತ ಕಲಿಸಿದ್ದು

ನಮ್ಮ ಸಭೆಯ ಸಂಡೇ ಸ್ಕೂಲ್‌ನಲ್ಲಿ ಏಳರಿಂದ ಹತ್ತು ವರ್ಷದ ಮಕ್ಕಳ ಕ್ಲಾಸ್ ನನ್ನದು. ಬೇಸರಪಡದೆ ಪ್ರಾರ್ಥನೆ ಮಾಡುವ ಪಾಠ ಅಂದರೆ ಎಲ್ಲರೂ ಮೊದಲು ತೆರೆಯುವುದು ಬೈಬಲ್‌ನ ಲೂಕ 18ನೇ ಅಧ್ಯಾಯ. ನ್ಯಾಯಕ್ಕಾಗಿ ಬಿಡದೆ ಬೇಡಿದ ವಿಧವೆ, ಕೊನೆಗೆ ಸಾಕಾಗಿ ಅವಳ ಮಾತಿಗೆ ಕಿವಿಗೊಟ್ಟ ನ್ಯಾಯಾಧಿಪತಿ, ಇವರ ಬಗ್ಗೆ ಯೇಸುಸ್ವಾಮಿ ಹೇಳಿದ ಸಾಮ್ಯ, ಅಂದರೆ ನೀತಿಕಥೆ. ಮಕ್ಕಳಿಗೆ ಆ ಕಥೆ ತುಂಬಾ ಇಷ್ಟ. ಆದರೆ ಸುಮ್ನೆ ಕಥೆ ಹೇಳಿ ಬಿಟ್ಟರೆ ಅವರ ತಲೆಯಲ್ಲಿ ಉಳಿಯುವುದು ಬೇರೆಯೇ. ಹಠ ಮಾಡಿದರೆ ಅಮ್ಮ ಕೊನೆಗೆ ಮೊಬೈಲ್ ಕೊಡ್ತಾರೆ, ಹಾಗೇ ಪೀಡಿಸಿದರೆ ದೇವರೂ ಸಾಕಾಗಿ ಕೊಟ್ಟುಬಿಡ್ತಾನೆ ಅಂತ!

ಅದಕ್ಕೇ ನಾನು ಲೂಕ 11ರಿಂದ ಶುರು ಮಾಡುತ್ತೇನೆ. ‘ನೀನು ಮೀನು ಕೇಳಿದರೆ ನಿಮ್ಮಪ್ಪ ಹಾವು ಕೊಡ್ತಾರಾ? ಮೊಟ್ಟೆ ಕೇಳಿದರೆ ಚೇಳು?’ ಮಕ್ಕಳು ‘ಇಲ್ಲಾ!’ ಅಂತ ಕೂಗುತ್ತಾರೆ. ದೇವರು ಅಪ್ಪ ಅನ್ನುವುದು ಗಟ್ಟಿಯಾದ ಮೇಲೆಯೇ ವಿಧವೆಯ ಕಥೆ. ಅದನ್ನು ಆಡಿಸುತ್ತೇನೆ. ಒಬ್ಬ ಹುಡುಗ ಕುರ್ಚಿ ಮೇಲೆ ನ್ಯಾಯಾಧಿಪತಿ, ತಲೆ ಮೇಲೆ ದುಪಟ್ಟಾ ಹಾಕಿಕೊಂಡ ಹುಡುಗಿ ವಿಧವೆ. ಆಟ ಮುಗಿದ ಮೇಲೆ ಒಂದೇ ಪ್ರಶ್ನೆ: ‘ಈ ಜಡ್ಜ್ ದೇವರ ಥರ ಇದ್ದಾನಾ?’ ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಅವನಿಗೆ ದೇವರ ಭಯವೂ ಇಲ್ಲ, ಜನರ ಲೆಕ್ಕವೂ ಇಲ್ಲ. ಅಂಥವನೇ ಕಿವಿಗೊಟ್ಟ ಅಂದಮೇಲೆ ನಮ್ಮನ್ನು ಪ್ರೀತಿಸುವ ಅಪ್ಪ ಕೇಳದೇ ಇರ್ತಾನಾ? ಯೇಸುಸ್ವಾಮಿ ಹೇಳಿದ್ದು ಇದನ್ನೇ ಅಲ್ವಾ. ನನಗೆ ಈ ಪಾಠದ ಜೀವ ಇರುವುದು ಇಲ್ಲೇ. ಇದು ತಪ್ಪಿದರೆ ಉಳಿದದ್ದೆಲ್ಲ ಬರೀ ಹಠದ ತರಬೇತಿ.

ಹಾಗಾದರೆ ಮತ್ತೆ ಮತ್ತೆ ಯಾಕೆ ಕೇಳಬೇಕು? ಇದಕ್ಕೆ ಪ್ರವಾದಿ ಎಲೀಯನ ಕಥೆ, ಬೈಬಲ್‌ನ ಒಂದನೇ ಅರಸುಗಳು 18. ಮಳೆಗಾಗಿ ಅವನು ಕರ್ಮೆಲ್ ಬೆಟ್ಟದ ಮೇಲೆ ಮೊಣಕಾಲ ನಡುವೆ ತಲೆ ತಗ್ಗಿಸಿ ಕೂರುತ್ತಾನೆ. ಸಮುದ್ರದ ಕಡೆ ನೋಡಿ ಬಾ ಅಂತ ಸೇವಕನನ್ನು ಏಳು ಸಲ ಕಳಿಸುತ್ತಾನೆ. ಮಕ್ಕಳಿಗೂ ನಾನು ಅದನ್ನೇ ಮಾಡಿಸುತ್ತೇನೆ. ಒಬ್ಬರು ಎಲೀಯನ ಹಾಗೆ ಕೂರಬೇಕು, ಇನ್ನೊಬ್ಬರು ಚರ್ಚ್ ಗೇಟಿನವರೆಗೆ ಓಡಿ ಬಂದು ‘ಏನೂ ಇಲ್ಲ’ ಅನ್ನಬೇಕು. ಏಳು ಸಲ, ಒಂದೂ ಕಡಿಮೆ ಇಲ್ಲ. ಮೊದಲೆರಡು ಸಲ ನಗು. ಮೂರನೇ ಸಲಕ್ಕೆ ಉಸಿರು ಹತ್ತುತ್ತದೆ. ನಾಲ್ಕಕ್ಕೆ ‘ಸಾಕು ಆಂಟಿ, ಏಳಾಯ್ತು ಅಂತ ಅಂದ್ಕೊಳೋಣ’ ಅನ್ನುತ್ತಾರೆ. ಅಲ್ಲೇ ನಿಲ್ಲಿಸಿ ಕೇಳುತ್ತೇನೆ: ‘ಈಗ ಎಲೀಯನಿಗೆ ಹೇಗನಿಸಿರಬಹುದು?’ ಒಮ್ಮೆ ತಗ್ಗಿಸಿಕೊಂಡು ಕೂತಿದ್ದ ಹುಡುಗಿ ತಲೆ ಎತ್ತದೆಯೇ, ‘ಕಾಲು ನೋಯ್ತಿರುತ್ತೆ. ಆದ್ರೆ ದೇವರು ಮಳೆ ಕೊಡ್ತೀನಿ ಅಂದಿದ್ರಲ್ಲಾ’ ಅಂದಳು. ಅದೇ ಅಧ್ಯಾಯದ ಮೊದಲ ವಚನ ಅವಳಿಗೆ ನೆನಪಿತ್ತು! ಏಳನೇ ಸಲ ಅಂಗೈಯಷ್ಟು ಮೋಡ. ಆಮೇಲೆ ಎಲ್ಲರಿಗೂ ನೀರು ಕುಡಿಸುತ್ತೇನೆ.

ಆಟದ ಜೊತೆಗೆ ಒಂದು ನೋಟ್‌ಬುಕ್ ಕೂಡ ಇದೆ. ಪ್ರತಿ ಮಗು ಒಂದೇ ಒಂದು ಬೇಡಿಕೆ ಬರೆಯಬೇಕು, ತಾರೀಕು ಹಾಕಬೇಕು. ತನಗಾಗಿ ಅಲ್ಲ, ಬೇರೆಯವರಿಗಾಗಿ. ಪ್ರತಿ ಭಾನುವಾರ ಅದೇ ಪುಟ ತೆಗೆದು ಅದೇ ಬೇಡಿಕೆಗೆ ಮತ್ತೆ ಪ್ರಾರ್ಥನೆ ಮಾಡುತ್ತೇವೆ. ಹೊಸದು ಬೇಕು ಅಂದರೂ ಬಿಡುವುದಿಲ್ಲ. ದೊಡ್ಡ ಪಟ್ಟಿ ಮಾಡಿದರೆ ಮಕ್ಕಳು ಗಡಗಡ ಓದಿ ಆಮೆನ್ ಅಂದುಬಿಡುತ್ತಾರೆ.

ಬೇಡಿಕೊಂಡದ್ದು ಆಗದೇ ಹೋದಾಗ ಏನು ಹೇಳುವುದು? ಎಲ್ಲಕ್ಕಿಂತ ಜಾಸ್ತಿ ಸಮಯ ನಾನು ಕೊಡುವುದು ಇದಕ್ಕೆ. ಅಜ್ಜಿಗಾಗಿ ಬರೆದಿದ್ದ ಒಬ್ಬ ಹುಡುಗ, ಅಜ್ಜಿ ತೀರಿಕೊಂಡ ಮೇಲೆ ಕೇಳಿದ: ‘ನಾನು ಇನ್ನೂ ಜಾಸ್ತಿ ಮಾಡಿದ್ರೆ ಬದುಕ್ತಿದ್ರಾ ಆಂಟಿ?’ ಈ ಭಾರ ಯಾವ ಮಗುವಿನ ಮೇಲೂ ಬೀಳಬಾರದು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತಾಯ 26 ಓದಿದೆವು. ಶಿಲುಬೆಗೆ ಹೋಗುವ ಮುಂಚೆ ಗೆತ್ಸೇಮನೆ ತೋಟದಲ್ಲಿ, ಈ ಸಂಕಟದ ಪಾತ್ರೆ ತಪ್ಪಲಿ ಅಂತ ಯೇಸುಸ್ವಾಮಿಯೇ ಮೂರು ಸಲ ಕೇಳಿಕೊಂಡರು. ಆ ಪಾತ್ರೆ ತಪ್ಪಲಿಲ್ಲ. ಅವರ ಪ್ರಾರ್ಥನೆ ಕಡಿಮೆ ಆಗಿತ್ತಾ? ಹುಡುಗ ಇಲ್ಲ ಅಂತ ತಲೆ ಆಡಿಸಿದ. ಅಪೊಸ್ತಲ ಪೌಲನೂ ತನ್ನ ಬಾಧೆ ಹೋಗಲಿ ಅಂತ ಮೂರು ಸಲ ಬೇಡಿಕೊಂಡ, ಹೋಗಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಅನ್ನುವ ಉತ್ತರ ಬಂತು. ಆ ಪುಟ ಹರಿಯಬೇಡ ಅಂದೆ. ಅಜ್ಜಿಯ ಹೆಸರಿನ ಕೆಳಗೆ ಅವನು ಈಗ ಅಜ್ಜನ ಹೆಸರು ಬರೆದಿದ್ದಾನೆ.

ಸ್ವಲ್ಪ ದೊಡ್ಡ ಮಕ್ಕಳಿಗೆ ಬ್ರಿಸ್ಟಲ್‌ನಲ್ಲಿ ಅನಾಥಾಶ್ರಮ ನಡೆಸಿದ ಜಾರ್ಜ್ ಮುಲ್ಲರ್ ಬಗ್ಗೆ ಹೇಳುತ್ತೇನೆ. 1844ರ ನವೆಂಬರ್‌ನಲ್ಲಿ ಅವರು ಐದು ಜನರ ರಕ್ಷಣೆಗಾಗಿ, ಅಂದರೆ ಅವರು ಯೇಸುವನ್ನು ನಂಬಲಿ ಅಂತ, ಪ್ರಾರ್ಥನೆ ಶುರು ಮಾಡಿದರು. ಮೊದಲನೆಯವರು ದೇವರ ಕಡೆ ತಿರುಗಿಕೊಳ್ಳಲು ಹದಿನೆಂಟು ತಿಂಗಳು ಹಿಡಿಯಿತು. ಕೊನೆಯ ಇಬ್ಬರಿಗಾಗಿ ದಶಕಗಳ ಕಾಲ, ದಿನವೂ ಪ್ರಾರ್ಥಿಸಿದರು.

ತಂದೆತಾಯಂದಿರಿಗೆ ನನ್ನದೊಂದು ಕೋರಿಕೆ. ರಾತ್ರಿ ಮನೆ ಪ್ರಾರ್ಥನೆಯಲ್ಲಿ ಮಗುವಿನ ಆ ಒಂದು ಬೇಡಿಕೆಗೆ ಒಂದು ನಿಮಿಷ ಕೊಡಿ, ಅದನ್ನು ಮಗುವೇ ತನ್ನ ಮಾತಲ್ಲಿ ಹೇಳಲಿ. ‘ಪ್ರಾರ್ಥನೆ ಮಾಡಿದ್ರೆ ಫಸ್ಟ್ ಬರ್ತೀಯ’ ಅಂತ ಮಾತ್ರ ದಯವಿಟ್ಟು ಆಸೆ ತೋರಿಸಬೇಡಿ. ನೀವು ಎಷ್ಟೋ ಕಾಲದಿಂದ ಕೇಳುತ್ತಲೇ ಇರುವ ಒಂದು ವಿಷಯ ನಿಮಗೂ ಇರುತ್ತದಲ್ಲಾ, ಅದನ್ನು ಮಕ್ಕಳ ಎದುರಿಗೇ ಬಾಯಿಬಿಟ್ಟು ಕೇಳಿ.